ಕಾಣೆಯಾದ ಎದೆಪಟ್ಟಿ

ಕಪಾಟಿನ ಬೀಗ ಹಾಗೇ ಇತ್ತು, ಒಳಗಿನ ಡಬ್ಬಿ ಮಾತ್ರ ಖಾಲಿ! ಹೊನ್ನಾವರದ ಡಾಕ್ಟರ್ ವಿಘ್ನೇಶ್ವರರು ತಲೆ ಮೇಲೆ ಕೈ ಹೊತ್ತು ಕೂತುಬಿಟ್ಟರು. ಅವರ ಕಂಪೌಂಡರ್ ರಮಾನಂದ ಬೆಳಗಿನ ಚಹಾ ಅಲ್ಲೇ ಬಿಟ್ಟು ಕಪಾಟಿನ ಮೂಲೆಮೂಲೆ ತಡಕಿದ.

ಅದು ೧೯೬೫ರ ಮಾತು. ಬಾಹ್ಯಾಕಾಶಕ್ಕೆ ಹೋಗುವವರಿಗೆ ನೆರವಾಗಬಲ್ಲ ಹೊಸ ವೈದ್ಯಕೀಯ ಉಪಕರಣಗಳನ್ನು ಹುಡುಕುತ್ತ ಮುಂಬಯಿಯ ವಿಜ್ಞಾನಿಯೊಬ್ಬರು ಆ ಸಂಜೆಯೇ ಬರುವವರಿದ್ದರು. ಡಾಕ್ಟರು ವರ್ಷಗಟ್ಟಲೆ ಹೆಣಗಿ ಮಾಡಿದ್ದು ಒಂದು ಎದೆಪಟ್ಟಿ. ಅದನ್ನು ಅಂಟಿಸಿಕೊಂಡವನ ಎದೆಬಡಿತ ದೂರದ ರೇಡಿಯೋದಲ್ಲಿ ಟಿಕ್ ಟಿಕ್ ಎಂದು ಕೇಳುತ್ತಿತ್ತು. ಅಂತರಿಕ್ಷಕ್ಕೆ ಹಾರುವವನ ದಣಿವು ಈ ಊರಲ್ಲಿ ಯಾರಿಗಿದ್ದೀತು? ಅದಕ್ಕೇ ಯಕ್ಷಗಾನದ ಪೂರ್ತಿ ವೇಷ ಹೊತ್ತು ಬುಗುರಿಯಂತೆ ತಿರುಗುವ ಕರ್ಕಿಯ ಮಾಸ್ತಿಯನ್ನು ಹಿಂದಿನ ದಿನ ಪರೀಕ್ಷೆಗೆ ಕರೆಸಿದ್ದರು; ಸಂಜೆ ಬರುವವರ ಮುಂದೆಯೂ ಅವನೇ ಕುಣಿಯಬೇಕಿತ್ತು. ಕುಣಿತ ಬಿಟ್ಟರೆ ಆ ಮನುಷ್ಯನಿಗೆ ಬೇರೆ ಬದುಕೇ ಇರಲಿಲ್ಲ.

ಡಾಕ್ಟರ ಸಂಶಯವೆಲ್ಲ ಡಬ್ಬಿಯನ್ನು ಕಪಾಟಿನಲ್ಲಿಟ್ಟ ಜವಾನ ಮಂಜನ ಮೇಲೆ. "ಸಂಜೆಯೊಳಗೆ ಸಿಗದಿದ್ದರೆ ಪೊಲೀಸರಿಗೆ ಹಿಡಿದುಕೊಡ್ತೇನೆ!" ಎಂದು ಗುಡುಗಿದರು. ರಮಾನಂದ ಸೀದಾ ಮೂಕಾಂಬಿಕಾ ಅಕ್ಕೋರ ಮನೆಗೆ ಓಡಿದ. ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದ ಮೇಲೆ ಊರಿನ ಕಳವು, ಕಪಟಗಳನ್ನೆಲ್ಲ ಬಯಲಿಗೆಳೆಯುತ್ತಿದ್ದವರು ಅವರೇ. ಅವರ ಜೊತೆ ಸದಾ ಓಡಾಡುತ್ತಿದ್ದವನು ಇವನೇ.

ಅಕ್ಕೋರು ಬಂದವರೇ ಕೇಳಿದರು, "ನಿನ್ನೆ ಎಂತ ಆತು? ಒಂದೂ ಬಿಡದೆ ಹೇಳಿ."

"ಮಾಸ್ತಿ ಕುಣಿದ. ಹಾಳಾದ ಯಂತ್ರ ನಡುನಡುವೆ ತೊದಲಿತು. ಅದಕ್ಕೂ ಮೊದಲು ರಮಾನಂದ, ಮಂಜ ಹಾಕಿಕೊಂಡಾಗ ಸರಿಯಾಗೇ ಇತ್ತು," ಎಂದರು ಡಾಕ್ಟರು.

"ವೇಷ ಎಲ್ಲಿ ಬಿಚ್ಚಿದ?"

"ಪರದೆ ಹಿಂದೆ, ಒಬ್ಬನೇ. ವೇಷ ಕಳಚೋದನ್ನ ಹೊರಗಿನವರು ನೋಡಬಾರದು ಅಂತ ಅವನ ಮೇಳದ ಪದ್ಧತಿ. ಆಮೇಲೆ ಡಬ್ಬಿ ಮುಚ್ಚಿ ಮಂಜನ ಕೈಗೆ ಕೊಟ್ಟ."

"ಪಟ್ಟಿ ಬಿಡಿಸೂದು ಹ್ಯಾಂಗೆ?"

"ಸ್ಪಿರಿಟ್ ಹಚ್ಚದಿದ್ರೆ ಚರ್ಮವೇ ಕಿತ್ತು ಬರ್ತದೆ ಅಕ್ಕೋರೇ," ಎಂದ ರಮಾನಂದ. "ಅದಕ್ಕೇ ಹೊಸ ಬಾಟ್ಲಿ ಪರದೆ ಹಿಂದೆ ಇಟ್ಟಿದ್ದೆ. ಬೇರೆ ಬಾಟ್ಲಿ ಇಲ್ಲ."

ಅಕ್ಕೋರು ಬಾಟಲಿ ಎತ್ತಿ ನೋಡಿದರು. ಬಿರಡೆಯ ಮೇಲಿನ ಅರಗು ಒಡೆದಿರಲಿಲ್ಲ. ಅವರ ಮುಖ ಯಾಕೋ ಬಾಡಿತು.

ಸಂಜೆ ಮುಂಬಯಿಯವರು ಬಂದರು. ವೇಷದ ಗಂಟು ಹೊತ್ತು ಮಾಸ್ತಿಯೂ ಬಂದ. ಮಂಜ ಮೂಲೆಯಲ್ಲಿ ನಿಂತಿದ್ದ.

"ಮಂಜ ಕಳ್ಳ ಅಲ್ಲ," ಎಂದು ಅಕ್ಕೋರು ಶುರುಮಾಡಿದರು. "ಬಾಟ್ಲಿ ತೆಗೆದೇ ಇಲ್ಲ. ಅಂದ್ರೆ ಪಟ್ಟಿ ಇಲ್ಲಿ ಬಿಚ್ಚಲೇ ಇಲ್ಲ, ಎದೆ ಮೇಲೇ ಮನೆಗೆ ಹೋಯ್ತು. ಮಂಜನ ಕೈಗೆ ಬಂದಿದ್ದು ಖಾಲಿ ಡಬ್ಬಿ. ಯಾಕೆ? ಯಂತ್ರ ಉಳಿದವರ ಎದೆ ಮೇಲೆ ಸರಿ, ಒಬ್ಬನ ಎದೆ ಮೇಲೆ ಮಾತ್ರ ತೊದಲ್ತು. ತೊದಲಿದ್ದು ಯಂತ್ರ ಅಲ್ಲ ಡಾಕ್ಟರೇ, ಎದೆ. ಇವತ್ತು ಮತ್ತೆ ಕುಣಿದಿದ್ರೆ ಅದು ಎಲ್ಲರಿಗೂ ತಿಳೀತಿತ್ತು. ಹೌದೋ ಅಲ್ಲೋ, ಮಾಸ್ತಿ?"

ಮಾಸ್ತಿ ಗಂಟು ಬಿಚ್ಚಿ ಪಟ್ಟಿಯನ್ನು ಮೇಜಿನ ಮೇಲಿಟ್ಟ. "ವರ್ಷದಿಂದ ಎದೆಬಡಿತ ತಪ್ತಿತ್ತು ಅಕ್ಕೋರೇ. ಗೊತ್ತಾದ್ರೆ ಮೇಳದಲ್ಲಿ ಯಾರು ಇಟ್ಕೊಳ್ತಾರೆ? ಮನೇಲಿ ಚರ್ಮ ಸಮೇತ ಕಿತ್ತು ಹೊಳೆಗೆ ಹಾಕೂಕೆ ಹೋದೆ, ಮನಸ್ಸು ಬರ್ಲಿಲ್ಲ. ಕಳವು ಮಂಜನ ಮೇಲೆ ಬಂತು ಅಂತ ಕೇಳಿ ವಾಪಸ್ ತಂದೆ."

ದೂರದಿಂದಲೇ ಎದೆಯ ದೋಷ ಹಿಡಿಯುವ ಇಂಥದ್ದನ್ನೇ ತಾವು ಹುಡುಕುತ್ತಿದ್ದುದು ಎಂದು ಮುಂಬಯಿಯವರು ಡಾಕ್ಟರ ಕೈ ಕುಲುಕಿದರು. ಡಾಕ್ಟರಿಗೆ ನಗಲು ಆಗಲಿಲ್ಲ. ಮಾಸ್ತಿಯ ಎದೆಗೆ ಸ್ಟೆತಾಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದರು.

"ಇನ್ನು ಕುಣಿಯಬೇಡ. ಕುಣಿದರೆ ಸಾಯ್ತೀಯ."

"ಆತು," ಎಂದ ಮಾಸ್ತಿ. "ಕುಣೀದೆ ಬದುಕೂದು ಹ್ಯಾಂಗೆ, ಅದನ್ನೂ ಹೇಳಿ."

ಅಕ್ಕೋರು ಮೇಜಿನ ಮೇಲಿನ ಪಟ್ಟಿಯನ್ನು ಡಬ್ಬಿಯಲ್ಲಿಟ್ಟು ಮುಚ್ಚಿದರು. ರಮಾನಂದನಿಗೆ ಅಳು ತಡೆಯಲಾಗಲಿಲ್ಲ.