ತಂತಿಯಿಲ್ಲದ ಕಳವು

ಮಾವ ದೊಡ್ಡಳಿಯನ ಕಾರು ಬಿಟ್ಟು ಚಿಕ್ಕಳಿಯನ ಕಾರು ಹತ್ತಿದ ದಿನವೇ ದೊಡ್ಡಳಿಯ ಕಳ್ಳನಾಗಲು ತೀರ್ಮಾನಿಸಿದ.

ಅಲ್ಲಿಯವರೆಗೆ ಅವನು ಮಾನವಂತನೇ. ಮಾವನ ಬಚ್ಚಲು ಸಾಮಾನಿನ ಅಂಗಡಿಯಲ್ಲಿ ನಲ್ಲಿ, ಸಿಂಕು, ಕಮೋಡು ಮಾರಿಕೊಂಡಿದ್ದ. ಗಿರಾಕಿಗಳ ಮನೆಗೆ ಹೋಗುವಾಗ ಮಾವ ಅವನ ಪಕ್ಕದಲ್ಲಿ ಮುಂದಿನ ಸೀಟಿನಲ್ಲಿ ಕೂರುತ್ತಿದ್ದರು. ಊರಿನ ದಾರಿಯೆಲ್ಲ ತನಗೆ ಕಣ್ಣು ಮುಚ್ಚಿದರೂ ಗೊತ್ತು ಎಂದು ಅವನು ಹೇಳುತ್ತಿದ್ದ. ಕಣ್ಣು ತೆರೆದಿದ್ದರೂ ಗೊತ್ತಿರಲಿಲ್ಲ ಎಂಬುದು ನಿಜ. ಒಮ್ಮೆ ಒಂದು ಕಮೋಡನ್ನು ಬೇರೆ ಯಾರದೋ ಮನೆಗೆ ಒಯ್ದು, ಅಲ್ಲಿ ಜೋಡಿಸಿಯೂ ಬಂದಿದ್ದ. ಆ ಮನೆಯವರು ಮರುದಿನ ಅಂಗಡಿಗೆ ಬಂದು ಬಣ್ಣ ಬದಲಾಯಿಸಿ ಕೊಡಿ ಎಂದು ಜಗಳ ತೆಗೆದಿದ್ದರು.

ಹೀಗಿರುವಾಗ ಚಿಕ್ಕಳಿಯ ಕೈಯಲ್ಲಿ ಹಿಡಿಯುವ, ಆರ್ಗನೈಸರ್ ಎಂಬ ಪುಟ್ಟ ಯಂತ್ರವೊಂದನ್ನು ತಂದ. ಕಾರಿನ ಮುಂದಿನ ಗಾಜಿಗೆ ಅಂಟಿಸಿದ ಹಿಡಿಕೆಯಲ್ಲಿ ಅದನ್ನು ಕೂರಿಸಿದರೆ ಪರದೆಯ ಮೇಲೆ ನಕ್ಷೆ ಮೂಡುತ್ತಿತ್ತು. ಎಲ್ಲಿ ಎಡಕ್ಕೆ, ಎಲ್ಲಿ ಬಲಕ್ಕೆ ಎಂದು ಒಳಗಿನಿಂದ ಒಬ್ಬ ಹೆಂಗಸು ಹೇಳುತ್ತಿದ್ದಳು.

"ಉಪಗ್ರಹದಿಂದ ಬರೋದು ಮಾವ. ಒಂದು ವೈರೂ ಇಲ್ಲ ನೋಡಿ," ಎಂದ ಚಿಕ್ಕಳಿಯ.

ಮಾವ ಆ ದನಿಗೆ ಮರುಳಾದರು. "ನಿಮ್ಮತ್ತೆಗಿಂತ ಮೆತ್ತಗೆ ಹೇಳ್ತಾಳಲ್ರೀ. ತಪ್ಪಿದ್ರೂ ಬೈಯೋದಿಲ್ಲ."

ದೊಡ್ಡಳಿಯ ಹಿಂದಿನ ಸೀಟಿನಲ್ಲಿ ಟೈಲ್ಸ್ ಮಾದರಿಗಳ ನಡುವೆ ಮುದುಡಿ ಕೂತು ಎಲ್ಲವನ್ನೂ ಗಮನಿಸಿದ. ಡ್ಯಾಶ್‌ಬೋರ್ಡಿನ ಮೇಲೆ ಸಾಬೂನಿನ ತುಂಡಿನಷ್ಟು ಕರಿ ಡಬ್ಬಿಯೊಂದು ಇತ್ತು. ಕಾರಿಗೆ ಪರಿಮಳ ಬರಿಸುವಂಥದ್ದು. ಪರಿಮಳವೇನೂ ಬರುತ್ತಿರಲಿಲ್ಲ, ಅಗ್ಗದ ಮಾಲಿರಬೇಕು. ಕಾರು ಇಳಿಯುವಾಗ ಚಿಕ್ಕಳಿಯ ಅದನ್ನೂ ಜೇಬಿಗೆ ಹಾಕಿಕೊಂಡ. ಜಿಪುಣ, ವಾಸನೆಯನ್ನೂ ಬಿಟ್ಟು ಹೋಗುವವನಲ್ಲ ಎಂದು ದೊಡ್ಡಳಿಯ ಮೂಗು ಮುರಿದ.

ಮೂಗು ಮುರಿದು ಸುಮ್ಮನಿರಬಹುದಿತ್ತು. ಆದರೆ ಊರಾಚೆ ಮಾವ ಇನ್ನೊಂದು ಅಂಗಡಿ ತೆರೆಯುವವರಿದ್ದರು. ಸೋಮವಾರ ಬೆಳಿಗ್ಗೆ ಕಟ್ಟಡ ನೋಡಲು ಹೋಗಬೇಕಿತ್ತು. ದಾರಿಯಲ್ಲಿ ಯಾರನ್ನೂ ಕೇಳದೆ ತನ್ನನ್ನು ಅಲ್ಲಿಗೆ ಮುಟ್ಟಿಸಿದ ಅಳಿಯನೇ ಆ ಅಂಗಡಿಯ ಯಜಮಾನ ಎಂದು ಅವರು ಊಟದ ಮೇಜಿನಲ್ಲಿ ಎಲ್ಲರೆದುರೇ ಹೇಳಿಬಿಟ್ಟರು. ತಮಾಷೆಗೆ ಹೇಳಿದ್ದೇನೋ. ಆದರೆ ಮಾವ ತಮಾಷೆಗೆ ಆಡಿದ ಮಾತನ್ನೂ ಹಟಕ್ಕೆ ಬಿದ್ದು ನಡೆಸುವ ಜಾತಿ. ಚಿಕ್ಕಳಿಯ ಗೆದ್ದರೆ ದೊಡ್ಡಳಿಯ ಮುಂದೆ ಅವನ ಕೈಕೆಳಗೆ ನಲ್ಲಿ ಎಣಿಸಬೇಕು. ಹೆಂಡತಿ ಅದನ್ನು ಬಾಯಿ ಬಿಟ್ಟು ಹೇಳಲಿಲ್ಲ. ರಾತ್ರಿಯೆಲ್ಲ ನಿಟ್ಟುಸಿರು ಬಿಟ್ಟಳು, ಅಷ್ಟೇ.

ಅವನ ಯೋಜನೆಯಲ್ಲಿ ಎರಡು ಮಜಲು. ಮೊದಲನೆಯದು, ಯಂತ್ರವನ್ನು ಎಗರಿಸುವುದು. ಎರಡನೆಯದು, ಅದೇ ಯಂತ್ರದಿಂದ ದಾರಿ ಕಲಿತು ಮಾವನನ್ನು ಮುಟ್ಟಿಸುವುದು. ಕದ್ದದ್ದನ್ನು ಕೆರೆಗೆ ಎಸೆಯುವವನು ದಡ್ಡ ಕಳ್ಳ. ಬಳಸಿಕೊಂಡು ಆಮೇಲೆ ಎಸೆಯುವವನು ಜಾಣ. ವೈರು ಇದ್ದಿದ್ದರೆ ಕತ್ತರಿಸಬೇಕಿತ್ತು, ಕತ್ತರಿಸಿದ ಗುರುತು ಉಳಿಯುತ್ತಿತ್ತು. ವೈರೇ ಇಲ್ಲದ ವಸ್ತುವನ್ನು ಜೇಬಿಗೆ ಇಳಿಸಿದರೆ ಮುಗಿಯಿತು. ವೈರಿಲ್ಲದ್ದಕ್ಕೆ ಸುಳಿವೂ ಇಲ್ಲ. ಈ ಮಾತು ಅವನಿಗೆ ಎಷ್ಟು ಹಿಡಿಸಿತೆಂದರೆ ಹಲ್ಲುಜ್ಜುವಾಗಲೂ ಗೊಣಗಿಕೊಂಡ.

ಭಾನುವಾರ ಇಡೀ ಕುಟುಂಬ ಮಾವನ ಮನೆಯಲ್ಲಿ ಸೇರಿತು. ಮಧ್ಯಾಹ್ನ ಉಂಡವರೆಲ್ಲ ಅಲ್ಲಲ್ಲೇ ಉರುಳಿದರು. ಆರ್ಗನೈಸರ್ ಫ್ರಿಜ್ಜಿನ ಮೇಲಿತ್ತು. ಮಕ್ಕಳು ಆಡಿ ಬಿಟ್ಟಿದ್ದರು. ಇಷ್ಟು ಕೈ ಮುಟ್ಟಿದ ವಸ್ತು ಕಳೆದರೆ ಯಾರ ಮೇಲೂ ಅನುಮಾನ ಬರುವುದಿಲ್ಲ. ಆದರೂ ಬೆರಳ ಗುರುತು ಬೀಳಬಾರದೆಂದು ಅವನು ಅಡುಗೆಮನೆಗೆ ಹೋಗಿ ಅತ್ತೆಯ ರಬ್ಬರಿನ ಕೈಗವಸು ಏರಿಸಿಕೊಂಡ. ತಿರುಗಿದರೆ ಬಾಗಿಲಲ್ಲಿ ಅತ್ತೆ.

"ಅಯ್ಯೋ, ಪಾತ್ರೆ ತೊಳೀತೀರಾ ಅಳಿಯಂದ್ರೆ?"

"ಹೂಂ ಅತ್ತೆ. ಅದಕ್ಕೇ ಬಂದೆ."

"ಬಾಣಲೆ ತಳ ಹಿಡಿದಿದೆ. ಸ್ವಲ್ಪ ಗಟ್ಟಿಯಾಗಿ ತಿಕ್ಕಿ."

ಬಾಣಲೆ, ಕುಕ್ಕರು, ಎಲ್ಲರ ತಟ್ಟೆ, ಕೊನೆಗೆ ಅತ್ತೆ ಅಟ್ಟದಿಂದ ಇಳಿಸಿಕೊಟ್ಟ, ವರ್ಷಗಳಿಂದ ಯಾರೂ ಮುಟ್ಟದ ಹಂಡೆಯೊಂದನ್ನೂ ಅವನು ತೊಳೆದ. ಸೊಂಟ ಬಿದ್ದುಹೋಯಿತು. ಆದರೆ ಅಪರಾಧಕ್ಕೆ ಇದಕ್ಕಿಂತ ಒಳ್ಳೆಯ ಮುಸುಕು ಎಲ್ಲಿ ಸಿಕ್ಕೀತು? ಒದ್ದೆ ಕೈಗವಸಿನಲ್ಲೇ ಯಂತ್ರವನ್ನು ಎತ್ತಿ ಬನಿಯನ್ನಿನೊಳಗೆ ಸೇರಿಸಿದ. ಕಾರಿನ ಗಾಜು ಏರಿಸಿ ಬರುತ್ತೇನೆ ಎಂದು ಹೊರಗೆ ಹೋದ.

ಸಂಜೆ ಮನೆಯಿಡೀ ತಲೆಕೆಳಗಾಯಿತು. ಮಕ್ಕಳಿಗೆ ಬೈಗುಳ ಬಿತ್ತು. ಚಿಕ್ಕಳಿಯ ಸೋಫಾದ ಕೆಳಗೆ ಮೊಣಕಾಲೂರಿ ತೆವಳಿದ. ದೊಡ್ಡಳಿಯನೂ ಪಕ್ಕದಲ್ಲೇ ತೆವಳಿದ, ಅವನಿಗಿಂತ ಹೆಚ್ಚು ಶ್ರದ್ಧೆಯಿಂದ.

"ಬಿಡಿ ಭಾವ, ನಿಮಗ್ಯಾಕೆ ತೊಂದರೆ," ಎಂದ ಚಿಕ್ಕಳಿಯ.

"ಏ, ನಿನ್ನ ವಸ್ತು ಬೇರೆ, ನನ್ನ ವಸ್ತು ಬೇರೆನಾ?" ಎಂದ ದೊಡ್ಡಳಿಯ. ಮಾತು ಆಡಿದ ಮೇಲೆ ಅದರ ಸೊಗಸಿಗೆ ತಾನೇ ಒಳಗೊಳಗೆ ನಕ್ಕ.

ಸೋಮವಾರ ಬೆಳಿಗ್ಗೆ ಅವನು ಬೇಗ ಬಂದು ಮಾವನ ಮನೆಯ ಮುಂದೆ ಕಾರು ನಿಲ್ಲಿಸಿ ಯಂತ್ರ ತೆರೆದ. ಹೊಸ ಅಂಗಡಿಯ ಜಾಗವನ್ನು ಚಿಕ್ಕಳಿಯ ಮೊದಲೇ ಗುರುತು ಮಾಡಿ ಇಟ್ಟಿದ್ದ, ಪುಣ್ಯಾತ್ಮ. ಒತ್ತಿದರೆ ಸಾಕು. ಒತ್ತಿದ. "ಉಪಗ್ರಹವನ್ನು ಹುಡುಕಲಾಗುತ್ತಿದೆ" ಎಂದು ಪರದೆಯ ಮೇಲೆ ಬಂತು. ಕಾದ. ಮರದ ನೆರಳಿನಿಂದ ಕಾರನ್ನು ಆಚೆ ಸರಿಸಿದ. ಯಂತ್ರವನ್ನು ಕಿಟಕಿಯಿಂದ ಹೊರಗೆ ಚಾಚಿ ಆಕಾಶಕ್ಕೆ ತೋರಿಸಿದ. ಹುಡುಕಾಟ ಮುಗಿಯಲೇ ಇಲ್ಲ. ಅಷ್ಟರಲ್ಲಿ ಗೇಟು ಕಿರುಗುಟ್ಟಿತು. ಅವನು ಯಂತ್ರವನ್ನು ಇದ್ದ ಹಾಗೇ ಪಕ್ಕದ ಸೀಟಿನೆದುರಿನ ಖಾನೆಗೆ ತುರುಕಿ ಮುಚ್ಚಿದ.

ಮಾವ ಮುಂದಿನ ಸೀಟಿನಲ್ಲಿ ಕೂತು ಖಾನೆಗೆ ಮೊಣಕಾಲು ತಾಗಿಸಿ ಕಾಲು ಚಾಚಿದರು. ಸಪ್ಪೆ ಮೋರೆಯ ಚಿಕ್ಕಳಿಯ ಹಿಂದೆ, ಟೈಲ್ಸ್ ಮಾದರಿಗಳ ನಡುವೆ ಕೂತ. ಆ ದೃಶ್ಯವನ್ನು ದೊಡ್ಡಳಿಯ ಕನ್ನಡಿಯಲ್ಲಿ ಮನದಣಿಯೆ ನೋಡಿಕೊಂಡ.

"ದಾರಿ ಗೊತ್ತೇನ್ರೀ?"

"ಕಣ್ಣು ಮುಚ್ಚಿದ್ರೂ ಗೊತ್ತು ಮಾವ."

ಗಾಡಿಯನ್ನು ಧೈರ್ಯವಾಗಿ ಬಲಕ್ಕೆ ತಿರುಗಿಸಿದ. ಎಡಕ್ಕೂ ತಿರುಗಿಸಬಹುದಿತ್ತು. ಎರಡೂ ಅವನಿಗೆ ಒಂದೇ.

"ಅದೇನ್ರೀ ಕೈಯಲ್ಲಿ, ಸೆಂಟಿನ ಡಬ್ಬಿನಾ?" ಎಂದರು ಮಾವ ಹಿಂದಕ್ಕೆ ತಿರುಗಿ, ಚಿಕ್ಕಳಿಯನ ಕೈಯಲ್ಲಿದ್ದ ಕರಿ ಡಬ್ಬಿ ನೋಡಿ.

"ಅಲ್ಲ ಮಾವ," ಎಂದ ಚಿಕ್ಕಳಿಯ. "ಆ ಯಂತ್ರ ಬರೀ ಬಾಯಿ. ಉಪಗ್ರಹದ ಮಾತು ಕೇಳಿಸಿಕೊಳ್ಳೋ ಕಿವಿ ಇದು. ಇದು ಹತ್ತಿರ ಇಲ್ಲದಿದ್ರೆ ಅದು ಮೂಗಿ. ಹತ್ತಿರ ಬಂದ್ರೆ ವೈರಿಲ್ಲದೇನೇ ಎರಡೂ ಕೂಡಿಕೊಳ್ತವೆ. ಅದಕ್ಕೇ ನಿನ್ನೆಯಿಂದ ಇದನ್ನ ಹಿಡ್ಕೊಂಡು ಮನೆಯೆಲ್ಲ ಸುತ್ತಿದೆ, ಎಲ್ಲಾದ್ರೂ ಉತ್ತರ ಕೊಡುತ್ತೇನೋ ಅಂತ. ವಿಚಿತ್ರ ನೋಡಿ, ಇಷ್ಟು ಹೊತ್ತು ಸುಮ್ಮನಿತ್ತು. ಕಾರು ಹತ್ತಿದ ಮೇಲೆ ನೀಲಿ ದೀಪ ಹತ್ತಿಕೊಂಡಿದೆ."

ಆ ಡಬ್ಬಿಯಿಂದ ಯಾವತ್ತೂ ಪರಿಮಳ ಬಾರದಿದ್ದುದೇಕೆ ಎಂದು ದೊಡ್ಡಳಿಯನಿಗೆ ಆಗ ಅರ್ಥವಾಯಿತು. ರೇಡಿಯೋ ಹಾಕಲು ಕೈ ಚಾಚಿದ. ಅವನ ಹಳೆಯ ಕಾರಿನ ರೇಡಿಯೋ ಕೆಟ್ಟು ಎಷ್ಟೋ ಕಾಲವಾಗಿತ್ತು. ಕೆಮ್ಮಲು ಬಾಯಿ ತೆರೆದ, ಕೆಮ್ಮು ಬರಲಿಲ್ಲ. ಮಾವನ ಮೊಣಕಾಲ ಮುಂದಿನ ಖಾನೆಯೊಳಗಿಂದ ಮೆತ್ತಗಿನ, ಯಾರನ್ನೂ ಬೈಯದ ದನಿಯೊಂದು ಎದ್ದಿತು: "ನೀವು ದಾರಿ ತಪ್ಪಿದ್ದೀರಿ. ಸಾಧ್ಯವಾದ ಕೂಡಲೇ ಹಿಂದಕ್ಕೆ ತಿರುಗಿ."