ಎರಡು ಬಾಟಲಿ, ನಾಲ್ಕೇ ಹನಿ

"ಅಯ್ಯಯ್ಯೋ! ಬಾಯಿ ಉರೀಲಿಕತ್ತದ! ಏನ್ ಹಾಕ್ದೆವ್ವಾ ಇದ್ರಾಗ?"

ಅಜ್ಜಿ ದಾನಮ್ಮ ಲೋಟ ಕೆಳಗಿಟ್ಟು ಬಾಯಿಗೆ ಸೆರಗು ಒತ್ತಿಕೊಂಡಳು. ಮೊಮ್ಮಗಳು ಕರುಣಾ ಗಾಬರಿಯಾದಳು.

"ದಿನದಂಗ ನಾಕೇ ಹನಿ, ಆಯಿ! ಎಣಿಸೇ ಹಾಕೀನಿ!"

ಅವ್ವ ಓಡಿಬಂದು ತಣ್ಣನೆಯ ಹಾಲು ಕುಡಿಸಿದ ಮೇಲೆ ಉರಿ ಇಳಿಯಿತು. ಸಿಟ್ಟು ಇಳಿಯಲಿಲ್ಲ.

"ಇನ್ನ ಮ್ಯಾಲ ನನ್ನ ಔಷಧಿ ನೀ ಮುಟ್ಟಬ್ಯಾಡ."

ಕರುಣಾಳಿಗೆ ಅಳುವೇ ಬಂತು. ಅಜ್ಜಿಗೆ ಓದಲು ಬಾರದು. ಅವಳ ಔಷಧಿಯ ಉಸ್ತುವಾರಿಯೆಲ್ಲ ಐದನೇ ಕ್ಲಾಸಿನ ಕರುಣಾಳದೇ. ಆ ಕೆಲಸ ಸುಮ್ಮನೆ ಬಿಟ್ಟುಕೊಡುವ ಹುಡುಗಿಯಲ್ಲ ಅವಳು. ಎಲ್ಲಿ ತಪ್ಪಿತು ಎಂದು ಹುಡುಕಿಯೇ ತೀರಬೇಕೆಂದು ಹಟ ಹಿಡಿದಳು.

ಅದು ಒರೆಗಾನೊ ಎಣ್ಣೆ. ಪಿಜ್ಜಾ ಮೇಲೆ ಉದುರಿಸುತ್ತಾರಲ್ಲ, ಅದೇ ಎಲೆಯದು. ಕೆಮ್ಮಿಗೆ ಒಳ್ಳೆಯದಂತೆ ಎಂದು ಕಾಕಾ ಹೈದರಾಬಾದಿನಿಂದ ತಂದುಕೊಡುತ್ತಿದ್ದ. ಹಳೆಯದು ಮುಗಿದು, ಇಂದೇ ಹೊಸ ಬಾಟಲಿ ತೆರೆದಿದ್ದಳು.

ಎರಡನ್ನೂ ಪಕ್ಕಪಕ್ಕ ಇಟ್ಟಳು. ಅದೇ ಹಸಿರು ಎಲೆ, ಅದೇ ಮುಚ್ಚಳ. ಹಳೆಯದರ ಮೂಲೆಯಲ್ಲಿ ಮಾತ್ರ ಸಣ್ಣಕ್ಷರದಲ್ಲಿ 1:4 ಎಂದಿತ್ತು. ಹೊಸದರಲ್ಲಿ 100%. ಪರೀಕ್ಷೆಯಲ್ಲಿ ಅಷ್ಟು ಬಂದರೆ ಟೀಚರ್ ಚಪ್ಪಾಳೆ ಹೊಡೆಸುತ್ತಾರೆ!

ಬಾಟಲಿ ಹಿಡಿದು ಅಪ್ಪನ ಬಳಿ ಓಡಿದಳು. ಗೌಂಡಿ ರೇವಣಸಿದ್ದ ಎದುರು ಮನೆಯ ಗೋಡೆ ಕಟ್ಟುತ್ತಿದ್ದ.

"ಅಪ್ಪಾ, ಒಂದು, ನಡುವ ಎರಡು ಚುಕ್ಕಿ, ನಾಕು. ಏನಿದು?"

"ಗೌಂಡಿ ಮಗಳಾಗಿ ನನಗ ಕೇಳ್ತೀಯಲ್ಲ! ಒಂದಕ್ಕ ನಾಕು. ಒಂದು ಬುಟ್ಟಿ ಸಿಮೆಂಟಿಗೆ ನಾಕು ಬುಟ್ಟಿ ಉಸುಕು."

"ಉಸುಕು ಹಾಕಲಿಲ್ಲಂದ್ರ?"

"ಬರೇ ಸಿಮೆಂಟೇ ಉಳೀತದ."

ಕರುಣಾ ನಿಂತಲ್ಲೇ ನಿಂತಳು. ಹಳೆಯದರ ಐದು ಹನಿಯಲ್ಲಿ ಒರೆಗಾನೊ ಒಂದೇ ಹನಿ, ಉಳಿದದ್ದು ಬೇರೆ ಎಣ್ಣೆ. ಹೊಸದರಲ್ಲಿ ಐದಕ್ಕೆ ಐದೂ ಅದೇ!

ಸೇಡಂ ಬಸ್ ಸ್ಟ್ಯಾಂಡ್ ಹತ್ತಿರದ ಮೆಡಿಕಲ್ ಅಂಗಡಿಯ ಶಗುಫ್ತಾ ಆಂಟಿಯೂ ನೋಡಿ ಹೌದೆಂದರು. "ಇದು ಭಾಳ ಖಡಕ್ ಅದ. ಹಿಂಗೇ ಬಾಯಿಗೆ ಹಾಕಬಾರದು. ಡಾಕ್ಟರಿಗೆ ಕೇಳೋ ತನಕ ಈ ಎಣ್ಣಿ ಯಾವುದೂ ಬ್ಯಾಡ ಅಂತ ಹೇಳು."

ಕಾಕಾನದೇ ತಪ್ಪು ಎಂದು ಜಾರಿಕೊಳ್ಳಬಹುದಿತ್ತು. ಕರುಣಾ ನೆಟ್ಟಗೆ ಹೋಗಿ ಅಜ್ಜಿಯ ಮುಂದೆ ನಿಂತಳು.

"ತಪ್ಪು ನಂದೇ, ಆಯಿ. ಹನಿ ಎಣಿಸೀನಿ, ಬಾಟಲಿ ಓದಿಲ್ಲ."

ಅಜ್ಜಿ ದಿಂಬಿನ ಕೆಳಗಿನಿಂದ ಬಿಪಿ ಗುಳಿಗೆಯ ಹೊಸ ಪಟ್ಟಿ ತೆಗೆದು ಅವಳತ್ತ ಚಾಚಿದಳು.

"ಹಂಗಾದ್ರ ಇದು ಓದು."

ಬಣ್ಣ ಅದೇ, ಆಕಾರ ಅದೇ. ನಿನ್ನೆಯಾಗಿದ್ದರೆ ಕರುಣಾ ಒಂದು ಗುಳಿಗೆ ಒತ್ತಿ ತೆಗೆದು ಕೊಟ್ಟು, ಆಡಲು ಓಡುತ್ತಿದ್ದಳು. ಈಗ ಪಟ್ಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಮೊದಲ ಅಕ್ಷರದಿಂದ ಗಟ್ಟಿಯಾಗಿ ಓದತೊಡಗಿದಳು.