ಕಲ್ಲುಗುಂಡಿಯಲ್ಲಿ ಮಳೆ ಸದ್ದು

ಶ್ಯಾಮಲಮ್ಮ ಅಂಬಲಿಯ ಲೋಟವನ್ನು ಇನ್ನೂ ಕೆಳಗಿಟ್ಟಿರಲಿಲ್ಲ, ಬಾಗಿಲಲ್ಲಿ ಎಂಜಿನಿಯರ್ ಕದಿರೇಶ್ ಬಂದು ನಿಂತರು.

"ಸಾಯಂಕಾಲದೊಳಗೆ ನಮ್ಮ ಯಂತ್ರ ನೋಡ್ಕೊಳ್ಳೋ ಹುಡುಗ ವೆಂಕಟ್‌ನ ಕೆಲಸದಿಂದ ತೆಗೀಬೇಕು ಅಂತ ಆರ್ಡರ್ ಬಂದಿದೆ ಅಮ್ಮ. ಅವನು ಅಂಥೋನಲ್ಲ. ಆದ್ರೆ ಬೇರೆ ಯಾರೂ ಮಾಡೋಕೆ ದಾರೀನೇ ಇಲ್ಲ."

ಶ್ಯಾಮಲಮ್ಮ ಮೂವತ್ತೆರಡು ವರ್ಷ ಪೊಲೀಸ್ ಇಲಾಖೆಯಲ್ಲಿ ದುಡಿದು, ಹೆಡ್ ಕಾನ್‌ಸ್ಟೆಬಲ್ ಆಗಿ ನಿವೃತ್ತರಾಗಿ ಮುಳಬಾಗಿಲಿನಲ್ಲೇ ನೆಲೆಸಿದ್ದರು. ಬಿಡಿಸಲಾಗದ ಗಂಟು ಹಿಡಿದು ಜನ ಈಗಲೂ ಅವರ ಬಳಿಗೇ ಬರುತ್ತಿದ್ದರು. ಮಹಡಿಯ ಮೇಲೆ ಬಾಡಿಗೆಗಿದ್ದ ಉಮಾಶಂಕರ್ ತನ್ನ ಹಳೆಯ ಓಮ್ನಿಯಲ್ಲಿ ಅವರನ್ನು ಎಲ್ಲೆಂದರಲ್ಲಿಗೆ ಕರೆದೊಯ್ಯುತ್ತಿದ್ದ. ಅವತ್ತೂ ಅವನು ಕೇಳದೆಯೇ ಕೀಲಿ ಕೈಗೆತ್ತಿಕೊಂಡ.

ದಾರಿಯಲ್ಲಿ ಕದಿರೇಶ್ ವಿಷಯ ಹೇಳಿದರು. ತಾಯಲೂರಿನ ಆಚೆ ಒಂದು ಪಾಳುಬಿದ್ದ ಕಲ್ಲುಕ್ವಾರಿ. ನಮ್ಮ ಫೋನುಗಳ ಫೋಟೊ, ಬ್ಯಾಂಕಿನ ಲೆಕ್ಕ ಎಲ್ಲವನ್ನೂ ಕಾಪಿಡುವ ಕಂಪ್ಯೂಟರುಗಳ ಮನೆಗೆ ಡೇಟಾ ಸೆಂಟರ್ ಅನ್ನುತ್ತಾರೆ. ಸುಡುಬಿಸಿಲಿನ, ನೀರಿಲ್ಲದ, ಊರಿಂದ ದೂರದ ಇಂಥ ಜಾಗದಲ್ಲಿ ಅದನ್ನು ನಡೆಸಲು ಆಗುತ್ತದೆಯೇ ಎಂದು ತೊಂಬತ್ತು ದಿನಗಳ ಪರೀಕ್ಷೆ ನಡೆದಿತ್ತು. ಬಂಡೆ ಕೊರೆದು ಮಾಡಿದ ಕೋಣೆಯಲ್ಲಿ ಇಪ್ಪತ್ತು ಯಂತ್ರಗಳು. ಎಸಿ ಇಲ್ಲ. ಬಂಡೆಯೊಳಗಿನ ಉದ್ದನೆಯ ಸುರಂಗದ ಮೂಲಕ ಫ್ಯಾನುಗಳು ಗಾಳಿ ಎಳೆದುಕೊಳ್ಳುತ್ತವೆ. ಕಲ್ಲೇ ಅದನ್ನು ತಂಪು ಮಾಡುತ್ತದೆ.

"ಎಪ್ಪತ್ತು ದಿನ ಎಲ್ಲಾ ಸರಿಯಾಗಿತ್ತು. ಈಗ ಎರಡು ವಾರದಲ್ಲಿ ನಾಲ್ಕು ಯಂತ್ರ ಸತ್ತಿವೆ. ಒಳಗೆಲ್ಲ ಬಿಳಿ ಪುಡಿ, ತೇವ. ಬಾಗಿಲು ತೆರೆಯೋ ಕಾರ್ಡ್ ಇರೋದು ಇಬ್ಬರ ಹತ್ರ. ನಾನು ಬೆಂಗಳೂರಲ್ಲಿದ್ದೆ. ಇನ್ನುಳಿದವನು ವೆಂಕಟ್."

"ಯಾರೂ ಮಾಡಿಲ್ಲ ಅಂತಾದ್ರೆ?"

"ಈ ಜಾಗಾನೇ ಆಗಿಬರಲ್ಲ ಅಂತ ವರದಿ ಬರೀಬೇಕು."

ಕ್ವಾರಿಯ ಗೇಟು ತೆರೆದದ್ದು ಕಾವಲುಗಾರ ದೊಡ್ಡಮುನಿಯಪ್ಪ. ಅರವತ್ತರ ಆಸುಪಾಸಿನ ಮನುಷ್ಯ. ಅವನ ಸೈಕಲ್ಲಿನ ಹಿಂದೆ ಒದ್ದೆ ಗೋಣಿತಾಟು ಒಣಗುತ್ತಿತ್ತು. ಉಮಾಶಂಕರ್‌ಗೆ ಅವನು ಹಳೆಯ ಪರಿಚಯ.

"ಅಶ್ವತ್ಥಮ್ಮ ಹೆಂಗಿದಾರೆ?" ಎಂದು ಅವನ ಹೆಂಡತಿಯನ್ನು ವಿಚಾರಿಸಿದ.

"ಇದಾಳಪ್ಪ. ಆಪರೇಷನ್ ಆದ್ಮೇಲೆ ಡಾಕ್ಟ್ರು ಏನೂ ಕೆಲಸ ಮಾಡ್ಬೇಡ ಅಂದ್ರು. ಹೋದ ಬೇಸಿಗೆಯಿಂದಾನೇ ಮಾತು ಕಮ್ಮಿ ಮಾಡಿದ್ಳು, ಈಗ ಅದೂ ಇಲ್ಲ. ಏಂ ಚೇಸೇದಿ, ಏನ್ ಮಾಡೋದು."

ಕೋಣೆಯಲ್ಲಿ ವೆಂಕಟ್ ಚೀಲಕ್ಕೆ ಬಟ್ಟೆ ತುಂಬುತ್ತಿದ್ದ. ಅಳುವುದನ್ನು ತಡೆದುಕೊಂಡ ಮುಖ. ಶ್ಯಾಮಲಮ್ಮ ನೇರ ಯಂತ್ರಗಳ ಬಳಿ ಹೋದರು. ಸತ್ತ ಯಂತ್ರದೊಳಗಿನ ಬಿಳಿ ಪುಡಿಯನ್ನು ಬೆರಳಿಗೆ ಹಚ್ಚಿಕೊಂಡು ಉಜ್ಜಿ ನೋಡಿದರು.

"ಕ್ರಷರ್ ಧೂಳು," ಎಂದ ಉಮಾಶಂಕರ್.

"ಕಲ್ಲಿನ ಧೂಳು ಒರಟು ಕಣೋ. ಇದು ಬೆಣ್ಣೆ ಥರ ಇದೆ." ಪರ್ಸಿನಿಂದ ಅರಿಶಿನದ ಡಬ್ಬಿ ತೆಗೆದು, ಚಿಟಿಕೆ ಅರಿಶಿನಕ್ಕೆ ಆ ಪುಡಿ ಸೇರಿಸಿ ಒಂದು ಹನಿ ನೀರು ಬಿಟ್ಟರು. ಅಂಗೈಯಲ್ಲಿ ಆರತಿಯ ನೀರಿನ ಕೆಂಪು ಹರಡಿತು. ಸುಣ್ಣ.

ಆಗ ವೆಂಕಟ್ ಮೆಲ್ಲಗೆ ಬಾಯಿಬಿಟ್ಟ. "ಇನ್ನೊಂದಿದೆ ಅಮ್ಮ. ಹೇಳಿದ್ರೆ ನಗ್ತಾರೆ. ದಿನಾ ಮಧ್ಯಾಹ್ನ ಹತ್ತು ನಿಮಿಷ ಫ್ಯಾನ್ ನಿಲ್ಲಿಸಿ, ಕರೆಂಟ್ ಹೋದ್ರೆ ಎಷ್ಟು ಬಿಸಿ ಆಗುತ್ತೆ ಅಂತ ನೋಡ್ತೀವಿ. ಆ ಹೊತ್ತಿನ ಸದ್ದನ್ನ ಮೈಕ್ ರೆಕಾರ್ಡ್ ಮಾಡುತ್ತೆ. ಅದರಲ್ಲಿ ಮಳೆ ಬರ್ತಿದೆ."

ಅವನು ಕೇಳಿಸಿದ. ಎಲೆಗಳ ಮೇಲೆ ಸೋನೆ ಹನಿಯುವಂಥ ಸದ್ದು. ಹೊರಗೆ ಏಪ್ರಿಲ್ಲಿನ ಬಿಸಿಲು, ಒಂದು ಮೋಡವೂ ಇಲ್ಲ. ಉಮಾಶಂಕರ್ ಬಾಗಿಲಿಗೆ ಹೋಗಿ ಆಕಾಶ ನೋಡಿ ಬಂದ.

"ದಿನಾ ಒಂದೇ ಥರ ಇದೆಯಾ?" ಎಂದರು ಶ್ಯಾಮಲಮ್ಮ.

"ಇಲ್ಲ. ಆರನೇ ತಾರೀಕು ಶುರುವಾಯ್ತು. ಹತ್ತಕ್ಕೆ ಪೂರ್ತಿ ನಿಂತಿತ್ತು. ಮಾರನೇ ದಿನದಿಂದ ಮತ್ತೆ ಬಂತು, ಮೊದಲಿಗಿಂತ ಜೋರಾಗಿ. ಇವತ್ತು ಹದಿನೇಳು, ಇನ್ನೂ ಜೋರು."

ಶ್ಯಾಮಲಮ್ಮ ಹೊರಬಂದು ದೊಡ್ಡಮುನಿಯಪ್ಪನನ್ನು ನೀರು ಕೇಳಿದರು. ಕುಡಿಯುತ್ತಾ, "ನಿಮ್ಮೂರಲ್ಲಿ ಏನು ಬೆಳೀತಾರಪ್ಪ?" ಎಂದರು.

"ರಾಗಿ, ಟೊಮೆಟೊ, ಹಿಪ್ಪುನೇರಳೆ."

"ಸುರಂಗದ ಬಾಯಿ ಎಲ್ಲಿದೆ? ಅಲ್ಲಿ ಯಾರು ಗುಡಿಸ್ತಾರೆ?"

"ಬಂಡೆ ಹಿಂದುಗಡೆ. ಬೀಗ ತೆಗೆಯೋದು, ಗುಡಿಸೋದು ಎಲ್ಲ ನಾನೇ," ಎಂದವನು ಲೋಟ ತೆಗೆದುಕೊಂಡ. ಅದರಲ್ಲಿ ಇನ್ನೂ ಅರ್ಧ ನೀರಿತ್ತು.

ಮೂರು ಗಂಟೆಗೆ ಶ್ಯಾಮಲಮ್ಮ ನಾಲ್ವರನ್ನೂ ಶೆಡ್ಡಿನ ನೆರಳಲ್ಲಿ ಕೂರಿಸಿದರು. ಠಾಣೆಯಲ್ಲಿದ್ದಾಗಿನ ಗತ್ತು ಆ ದನಿಯಲ್ಲಿರಲಿಲ್ಲ.

"ಕೋಣೆ ಬಾಗಿಲನ್ನ ಯಾರೂ ತೆಗೀಲಿಲ್ಲ, ಕದಿರೇಶ್. ತೆಗೆಯೋ ಅಗತ್ಯಾನೇ ಇರಲಿಲ್ಲ. ಫ್ಯಾನ್ ಎಳೆಯೋ ಗಾಳಿಗೆ ಸುಣ್ಣ, ತೇವ ಎರಡೂ ಸುರಂಗದಲ್ಲೇ ಸೇರಿಕೊಂಡ್ವು. ವೆಂಕಟ್‌ಗೆ ಕೆಡಿಸೋ ಮನಸ್ಸಿದ್ದಿದ್ರೆ ಸ್ವಿಚ್ ಸಾಕಿತ್ತು, ಸುಣ್ಣ ಯಾಕೆ? ನನಗೆ ದಾರಿ ತೋರಿಸಿದ್ದು ಮಳೆ. ನಾಲ್ಕು ದಿನ ಸುರಿದು, ಒಂದು ದಿನ ನಿಂತು, ಆಮೇಲೆ ಇನ್ನೂ ಜೋರಾಗೋ ಮಳೆ ಆಕಾಶದಲ್ಲಿಲ್ಲ. ಸುರಂಗದೊಳಗೆ ರೇಷ್ಮೆಹುಳು ಇವೆ, ಅವು ಸೊಪ್ಪು ತಿನ್ನೋ ಸದ್ದು ಹಂಗಿರುತ್ತೆ. ಪೊರೆ ಬಿಡೋ ದಿನ ಅವು ಬಾಯಿ ಮುಚ್ಕೊಂಡು ಮಲಗ್ತವೆ. ಎದ್ದ ಮೇಲೆ ಹಸಿವು ಜಾಸ್ತಿ. ಹುಳದ ಹಾಸಿಗೆಗೆ ರೋಗ ಬರದಂಗೆ ಸುಣ್ಣ ಉದುರಿಸ್ತಾರೆ, ತಂಪಿಗೆ ಒದ್ದೆ ಗೋಣಿತಾಟು ಕಟ್ತಾರೆ. ಸುರಂಗದ ಬೀಗದ ಕೈ ಒಬ್ಬರ ಹತ್ರಾನೇ ಇರೋದು."

ಯಾರೂ ದೊಡ್ಡಮುನಿಯಪ್ಪನ ಕಡೆ ತಿರುಗಲಿಲ್ಲ. ಅವನೇ ಎದ್ದು ನಿಂತ.

"ಹೋದ ವರ್ಷ ಬಿಸಿಲಿಗೆ ನನ್ನ ಹೆಂಡ್ತಿ ಸಾಕಿದ್ದ ಹುಳ ಪೂರ್ತಿ ಸತ್ತೋದ್ವು ಸಾರ್. ಮೂವತ್ತು ವರ್ಷದಲ್ಲಿ ಒಂದು ಬೆಳೆ ಕೆಡಿಸಿದೋಳಲ್ಲ. ನನ್ನ ಕೈಗುಣ ಹೋಯ್ತು ಅಂತ ಮೂಲೆ ಹಿಡಿದ್ಳು. ಇಲ್ಲಿ ಬಂಡೆ ಒಳಗೆ ತಂಪು ನೋಡ್ದೆ. ಬದುಕಿಸಿ, ಗೂಡು ಕಟ್ಟಿದ ಮೇಲೆ ಅವಳ ಮುಂದಿಡಾಣ ಅಂದ್ಕೊಂಡೆ. ಯಂತ್ರಕ್ಕೆ ಕೇಡಾಗುತ್ತೆ ಅಂತ ಗೊತ್ತಿರ್ಲಿಲ್ಲ."

"ವೆಂಕಟ್ ಚೀಲ ಕಟ್ಟೋದು ಗೊತ್ತಿತ್ತಲ್ಲ," ಎಂದರು ಶ್ಯಾಮಲಮ್ಮ.

ಮುದುಕ ತಲೆ ತಗ್ಗಿಸಿದ. "ಬೆಳಿಗ್ಗೆ ಗೊತ್ತಾಯ್ತಮ್ಮ. ಇನ್ನೆರಡು ದಿನ ತಡೆದು ಹೇಳಾಣ ಅಂದ್ಕೊಂಡೆ. ಅದು ತಪ್ಪು. ದೊಡ್ಡ ತಪ್ಪು." ಅವನು ವೆಂಕಟ್‌ಗೆ ಕೈ ಮುಗಿಯಲು ಹೋದಾಗ ವೆಂಕಟ್ ಆ ಕೈಗಳನ್ನು ಹಿಡಿದುಕೊಂಡ.

"ಎಷ್ಟು ಹುಳ ಸತ್ತಿವೆ?" ಕದಿರೇಶ್ ಇದ್ದಕ್ಕಿದ್ದಂತೆ ಕೇಳಿದರು.

"ಒಂದೂ ಇಲ್ಲ ಸಾರ್."

ಹೊರಗೆ ನಲವತ್ತೊಂದು ಡಿಗ್ರಿ. ಕದಿರೇಶ್ ಬಂಡೆಯತ್ತ ತಿರುಗಿದರು. "ನಡೆದದ್ದನ್ನೆಲ್ಲ ಬರೀಬೇಕಾಗುತ್ತೆ ಮುನಿಯಪ್ಪ. ನಿನ್ನ ಹೆಸರೂ ಇರುತ್ತೆ. ಈ ಕಲ್ಲು ತಂಪು ಕಾಯ್ತು ಅನ್ನೋದನ್ನೂ ಬರೀತೀನಿ. ನಿನ್ನ ಕೆಲಸಕ್ಕೆ ನಾನೇ ಬೆಂಗಳೂರಿಗೆ ಹೋಗಿ ಮಾತಾಡ್ತೀನಿ." ಆಮೇಲೆ ಫೋನ್ ತೆಗೆದು, ವೆಂಕಟ್‌ನ ಆರ್ಡರ್ ವಾಪಸ್ ತೆಗೆದುಕೊಳ್ಳಿ ಎಂದು ಅಲ್ಲೇ ಹೇಳಿದರು.

"ಹುಳಾನ ಎಲ್ಲಿ ಇಡೋದು?" ಎಂದ ವೆಂಕಟ್. ಸಿಡಿಮದ್ದು ಇಡುತ್ತಿದ್ದ ಹಳೆಯ ಕಲ್ಲುಕೋಣೆ ಸುರಂಗದ ಪಕ್ಕದಲ್ಲೇ ಖಾಲಿ ಬಿದ್ದಿತ್ತು, ಅದೂ ಬಂಡೆಯೊಳಗಿನದೇ. ಅವನೇ ಹೋಗಿ ಗುಡಿಸಿದ.

ಉಮಾಶಂಕರ್ ಯಾರಿಗೂ ಹೇಳದೆ ಓಮ್ನಿ ತಿರುಗಿಸಿದ್ದ. ಅರ್ಧ ಗಂಟೆಯಲ್ಲಿ ಅಶ್ವತ್ಥಮ್ಮ ಅವನ ತೋಳು ಹಿಡಿದು ಇಳಿದರು. ಸುರಂಗದೊಳಗಿನ ಹುಳದ ತಟ್ಟೆಗಳ ಮುಂದೆ ಬಂದು ನಿಂತರು. ದಪ್ಪನೆಯ ಹುಳುಗಳು ತಲೆಯೆತ್ತಿ ಸೊಪ್ಪು ಮೇಯುತ್ತಿದ್ದವು. ಅವರು ಒಂದೊಂದೇ ತಟ್ಟೆ ನೋಡುತ್ತಾ ಹೋದರು. ಆಮೇಲೆ ಗಂಡನ ಕಡೆ ತಿರುಗಿದರು.

"ಏನ್ಲಾ ಮುನಿಯ, ಇಷ್ಟು ಸುಣ್ಣ ಯಾವೋನಾದ್ರೂ ಹಾಕ್ತಾನಾ? ಹುಳಕ್ಕೆ ಹಾಕಿದ್ಯೋ, ಗೋಡೆಗೆ ಬಳಿದ್ಯೋ?"

ದೊಡ್ಡಮುನಿಯಪ್ಪ ಟವಲಿನಿಂದ ಮುಖ ಮುಚ್ಚಿಕೊಂಡ. ಅವನು ಅಳುತ್ತಿದ್ದಾನೋ ನಗುತ್ತಿದ್ದಾನೋ ಉಮಾಶಂಕರ್‌ಗೆ ತಿಳಿಯಲಿಲ್ಲ.

ಅಶ್ವತ್ಥಮ್ಮ ಒಂದು ಕಲ್ಲಿನ ಮೇಲೆ ಕುಳಿತು ಕೆಲಸ ಹಂಚತೊಡಗಿದರು. ತಟ್ಟೆ ಎತ್ತಲು ಬಂದ ಕದಿರೇಶ್‌ರನ್ನು ತಡೆದು, "ಮೊದ್ಲು ಕೈ ತೊಳ್ಕೊಂಡು ಬಾರಪ್ಪ," ಎಂದರು. ಎಂಜಿನಿಯರು ತೋಳು ಮಡಚಿಕೊಂಡು ನಲ್ಲಿಯತ್ತ ನಡೆದರು.